ಅಂಚೆಡಬ್ಬಿಯ ಬಳಿ ನಿಂತಿದ್ದವಳು

ಡುಲುತ್, ಮಿನ್ನೆಸೋಟ
೨೧ ಡಿಸೆಂಬರ್ ೧೯೯೪

ಪ್ರಿಯ ಆರ್ವಿಡ್,

ಶನಿವಾರ ಫೋನಿನಲ್ಲಿ "ಸಣ್ಣದಾಗಿ ಬೆಂಕಿ ಬಿದ್ದಿತ್ತು, ಯಾರಿಗೂ ಏನೂ ಆಗಿಲ್ಲ, ನೀನು ಬರಬೇಡ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಯಾರಿಗೂ ಏನೂ ಆಗಿಲ್ಲ ಎನ್ನುವುದು ನಿಜ. ಸಣ್ಣದು ಎಂದದ್ದು ಸುಳ್ಳು. ಹಾಲ್, ಅಡುಗೆಮನೆ ಎರಡೂ ಸುಟ್ಟುಹೋಗಿವೆ. ನಾಲ್ಕು ದಿನದಿಂದ ನಾನೂ ಸನ್ನಿವಾಳೂ ಎದುರುಮನೆಯ ಪೆಲ್ಟೊಲಾ ಅಜ್ಜನ ಮಹಡಿ ಕೋಣೆಯಲ್ಲಿದ್ದೇವೆ. ಉಳಿದದ್ದನ್ನು ನಿನ್ನ ದನಿ ಕೇಳುತ್ತ ಹೇಳುವ ಧೈರ್ಯ ನನಗಿರಲಿಲ್ಲ.

ಅಂದು ಮಧ್ಯಾಹ್ನ ಮಗಳು ಹಿಮದಲ್ಲಿ ಜಾರಿ ಆಡಿ ತೊಯ್ದು ತೊಪ್ಪೆಯಾಗಿ ಬಂದಳು. ಅವಳ ಕೋಟು, ಕೈಗವಸುಗಳನ್ನು ಕುರ್ಚಿಯ ಬೆನ್ನಿಗೆ ಹಾಕಿ ಹೀಟರ್ ಮುಂದೆ ಎಳೆದಿಟ್ಟೆ. ಒಂದು ಗೇಣು ದೂರವೂ ಇರಲಿಲ್ಲ. ಪಕ್ಕದಲ್ಲೇ ಕ್ರಿಸ್ಮಸ್ ಮರ. ಅದಕ್ಕೆ ನೀರು ಹಾಕಿ ಎಷ್ಟು ದಿನವಾಗಿತ್ತೋ. ಮುಟ್ಟಿದರೆ ಎಲೆ ಉದುರುತ್ತಿತ್ತು, ದಿನಾ ಗುಡಿಸಿ ಎಸೆಯುತ್ತಿದ್ದೆ. ನೀನು ಇದನ್ನು ಓದುತ್ತ ಹಲ್ಲು ಕಚ್ಚುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಸನ್ನಿವಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದೆ. ಮೆಷಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ವಾಸನೆ ಬಂತೆಂದು ಮೇಲೆ ಹತ್ತಿದರೆ ಅಡುಗೆಮನೆಯ ತುಂಬ ಕಪ್ಪು ಹೊಗೆ, ಆಚೆ ಹಾಲ್‌ನಲ್ಲಿ ಮರ ಬುಡದಿಂದ ತುದಿಯವರೆಗೆ ಉರಿಯುತ್ತಿತ್ತು. ಮಗಳ ಕೋಣೆಗೆ ದಾರಿ ಆ ಹಾಲ್ ದಾಟಿಯೇ. ಹಿಂಬಾಗಿಲಿನಿಂದ ಹೊರಬಿದ್ದು, ಹಿಮದಲ್ಲಿ ಬಿದ್ದು ಎದ್ದು ಮನೆ ಸುತ್ತಿ ಬಂದು ಮುಂಬಾಗಿಲ ಹಿಡಿಕೆಗೆ ಕೈ ಹಾಕಿದೆ. ಅಂಗೈ ಚುರುಕ್ಕೆಂದಿತು. ಅಷ್ಟರಲ್ಲಿ ಪೆಲ್ಟೊಲಾ ಅಜ್ಜ ಓಡಿಬಂದು ಹಿಂದಿನಿಂದ ನನ್ನ ಸೊಂಟ ಹಿಡಿದುಕೊಂಡರು.

"ಬಿಡ್ರೀ! ಮಗು ಒಳಗಿದೆ!" ಎಂದು ಅವರ ಕೈ ಕಚ್ಚಿದೆ.

"ಕಚ್ಚಮ್ಮ, ಪರ್ವಾಗಿಲ್ಲ. ಮೊದ್ಲು ಆ ಕಡೆ ನೋಡು," ಎಂದರು.

ರಸ್ತೆಯಾಚೆ, ಅವರ ಮನೆಯ ಅಂಚೆಡಬ್ಬಿಯ ಕಂಬ ತಬ್ಬಿಕೊಂಡು ಸನ್ನಿವಾ ನಿಂತಿದ್ದಳು. ಕಾಲಲ್ಲಿ ಬರೀ ಕಾಲುಚೀಲ. ನಾನು ಓಡಿಹೋಗಿ ಎತ್ತಿಕೊಂಡರೆ ಅವಳು ನನ್ನ ಮೇಲೆಯೇ ಸಿಟ್ಟಾದಳು: "ಅಪ್ಪ ಹೇಳಿದ್ ಜಾಗದಲ್ಲೇ ನಿಂತಿದ್ದೆ. ನೀನ್ಯಾಕಮ್ಮ ಬರ್ಲಿಲ್ಲ?"

ಬಾಗಿಲು ಮುಟ್ಟಿ ನೋಡಿದಳಂತೆ, ಬಿಸಿಯಿತ್ತಂತೆ. ಅದನ್ನು ತೆರೆಯದೆ ಕಿಟಕಿಯ ಗಾಜು ಮೇಲಕ್ಕೆ ಸರಿಸಿ, ದಿಂಬು ಹೊರಗೆಸೆದು, ಅದರ ಮೇಲೆ ಹಾರಿದಳಂತೆ. ಅಕ್ಟೋಬರಿನಲ್ಲಿ ಒಂದು ಭಾನುವಾರ ನೀನು ಬಂದು ಅವಳಿಗೆ ಹೇಳಿಕೊಟ್ಟದ್ದು ಇದೇ ಅಲ್ಲವೇ? ಸಿಕ್ಕಿಕೊಂಡಿದ್ದ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಟ್ಟಿದ್ದೆ. ಅಂಚೆಡಬ್ಬಿಯವರೆಗೆ ಅವಳನ್ನು ಮೂರು ಸಲ ನಡೆಸಿದ್ದೆ. ಆಗ ನಾನು ಏನೆಂದೆ ಎನ್ನುವುದು ನಿನಗೆ ಮರೆತಿರಲಾರದು. "ನಿನ್ ಹೆದರಿಕೇನ ಮಗು ತಲೇಗೂ ತುಂಬ್ಬೇಡ. ಇನ್ಮೇಲೆ ಇಲ್ಲಿಗೆ ಬರ್ಲೂಬೇಡ." ಎರಡು ತಿಂಗಳು ನೀನು ಆ ಮಾತಿನಂತೆಯೇ ನಡೆದುಕೊಂಡೆ.

ಆ ಭಾನುವಾರವೇ ನೀನು ನಿನ್ನ ಕೈಯಾರೆ ಗೋಡೆಗೆ ಹೊಗೆಯ ಅಲಾರಂ ಹಾಕಿದ್ದೆ. "ಅದು ಕೂಗ್ಲಿಲ್ವಾ?" ಎಂದು ಫೋನಿನಲ್ಲಿ ಕೇಳಿದಾಗ ಮಾತು ಮರೆಸಿದೆ. ಬೆಂಕಿ ನಂದಿಸಲು ಬಂದವರಿಗೆ ಬ್ಯಾಟರಿ ಮುಗಿದಿರಬೇಕು ಎಂದೆ. ಮುಗಿದಿರಲಿಲ್ಲ, ಆರ್ವಿಡ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿ ತಳ ಹಿಡಿದು ಅಲಾರಂ ಕಿರುಚತೊಡಗಿದಾಗ ಬ್ಯಾಟರಿ ಕಿತ್ತು ಡ್ರಾಯರಿಗೆ ಹಾಕಿದವಳು ನಾನೇ. ಕಿತ್ತಾಗ ನಿನ್ನ ಬಾಯಿ ಮುಚ್ಚಿಸಿದಷ್ಟು ನೆಮ್ಮದಿಯಾಯಿತು. ಬರೆಯಲೂ ನಾಚಿಕೆಯಾಗುತ್ತದೆ. ನಾಳೆ ಬೆಂಕಿ ನಂದಿಸಿದವರ ಬಳಿ ಹೋಗಿ ನಿಜ ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ಗೊತ್ತಾಗಬೇಕಿತ್ತು.

ಅಗ್ನಿಶಾಮಕ ದಳದ ಕೆಲಸದಲ್ಲಿ, ಬೆಟ್ಟದ ಮೇಲೆ ಉರಿಯುತ್ತಿದ್ದ ಮನೆಯಿಂದ ಆ ಎರಡು ಮಕ್ಕಳನ್ನು ನೀನು ಹೊತ್ತು ತಂದ ದಿನದಿಂದ, ಉಸಿರಿಲ್ಲದ ಆ ಮಕ್ಕಳು ನಮ್ಮ ಮನೆಯಲ್ಲೇ ಇದ್ದಂತಿತ್ತು. ಮಲಗುವ ಮುನ್ನ ನೀನು ಒಂದೊಂದು ಪ್ಲಗ್ಗನ್ನೂ ನಾಲ್ಕು ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೆ. ನಾನು ಮೊದಲು ಸಹಿಸಿದೆ, ಆಮೇಲೆ ಅಣಕಿಸಿದೆ, ಕಡೆಗೆ ನಿನ್ನನ್ನು ಬಿಟ್ಟು ಬಂದೆ. ಒಮ್ಮೆಯೂ ನಿನ್ನ ಜೊತೆ ಕೂತು ಆ ಮಕ್ಕಳ ಹೆಸರೇನಿತ್ತು ಎಂದು ಕೇಳಲಿಲ್ಲ.

ಈಗ ಇಲ್ಲಿ ನಾನೂ ಪ್ಲಗ್ ಮುಟ್ಟುತ್ತ ತಿರುಗುತ್ತೇನೆ. ಒಲೆ ಆರಿಸಿದೆನೇ ಎಂದು ನೋಡಲು ಅರ್ಧ ಮೆಟ್ಟಿಲಿಂದ ಇಳಿದು ಬರುತ್ತೇನೆ. "ಏನಮ್ಮ ಮಾರಿತ್, ನನ್ ಕಾಫಿ ಪಾತ್ರೆಗೂ ಪೊಲೀಸ್ ಕಾವಲಾ?" ಎಂದು ಅಜ್ಜ ನಗುತ್ತಾರೆ. ಆದರೂ ತಮ್ಮ ಮರದ ಮೇಲಿನ ಮೇಣದಬತ್ತಿಗಳನ್ನೆಲ್ಲ ಸದ್ದಿಲ್ಲದೆ ತೆಗೆದಿಟ್ಟಿದ್ದಾರೆ.

ನಮಗಾಗಿ ಆತಂಕಪಡಬೇಡ. ಹಬ್ಬದ ವಾರ ನಿನಗೆ ರಜೆ ಸಿಗುವುದಿಲ್ಲವೆಂದು ಗೊತ್ತು. ಮೂರು ಗಂಟೆಯ ದಾರಿ, ರಸ್ತೆಯ ಮೇಲೆಲ್ಲ ಮಂಜುಗಡ್ಡೆ. ಬರಲೇಬೇಕೆಂದಿಲ್ಲ. ನಾವು ಚೆನ್ನಾಗಿದ್ದೇವೆ.

ಇಂತಿ,
ಮಾರಿತ್

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮೊದಲು, ಊಟವಾಗಿ ಮಲಗಿದ್ದ ಸನ್ನಿವಾಳ ಹೊದಿಕೆ ಸರಿಮಾಡಲು ಹೋದೆ. ಹೊದಿಕೆಯೊಳಗೆ ಅಜ್ಜ ಕೊಡಿಸಿದ ಹೊಸ ಕೋಟು ತೊಟ್ಟು, ಹೊಸ ಬೂಟು ಹಾಕಿ, ಲೇಸು ಬಿಗಿದು ಮಲಗಿದ್ದಾಳೆ. ಬಿಚ್ಚಲು ಹೋದರೆ ಕಣ್ಣು ಬಿಡದೆಯೇ ಕಾಲೆಳೆದುಕೊಂಡಳು. "ಬೇಡಮ್ಮ. ಅಪ್ಪ ಇಲ್ವಲ್ಲ, ಯಾರಾದ್ರೂ ರೆಡಿ ಇರ್ಬೇಕು." ಅವಳಿಗಿನ್ನೂ ಏಳು ವರ್ಷ. ಆ ಬೂಟು ಬಿಚ್ಚುವುದು ನನ್ನಿಂದಾಗುವುದಿಲ್ಲ, ಆರ್ವಿಡ್. ಹಬ್ಬದವರೆಗೂ ಕಾಯಬೇಡ. ಬಾ.