ಸೊನ್ನೆ ಗಾಯದ ಉದ್ಯಾನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ತಲೆಹರಟೆ ಮಗಳ ನಮಸ್ಕಾರ. ನಾನು ಇಲ್ಲಿ ಕ್ಷೇಮ, ಹೆಚ್ಚುಕಡಿಮೆ. ನಿನ್ನ ಮಂಡಿನೋವು ಹೇಗಿದೆ? ಬೇಕರಿಯಲ್ಲಿ ಇನ್ನೂ ನಿಂತೇ ಕೆಲಸ ಮಾಡುತ್ತಿದ್ದೀಯೋ, ಅಥವಾ ನಾನು ಹೇಳಿದಂತೆ ಒಂದು ಸ್ಟೂಲು ಕೇಳಿ ಹಾಕಿಸಿಕೊಂಡೆಯೋ? ಕೇಳಿಲ್ಲವಾದರೆ ನಾನೇ ಬಂದು ನಿಮ್ಮ ಮಾಲೀಕರಿಗೆ ಕೆಲಸಗಾರರ ಹಕ್ಕುಗಳ ಬಗ್ಗೆ ಒಂದು ಗಂಟೆ ಮಾತಾಡುತ್ತೇನೆ. ಇದನ್ನು ಬೆದರಿಕೆ ಅಂತಲೇ ಅವರಿಗೆ ತಿಳಿಸು.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ ಅಂತ ಬೈಯಬೇಡ. ನನ್ನ ಕೋಣೆಯ ಮೇಜಿಗೆ ಒಂದು ಕಾಲು ಗಿಡ್ಡ.

ಕಳೆದ ಮೂರು ಪತ್ರಗಳಲ್ಲೂ ನೀನು ಒಂದೇ ಪ್ರಶ್ನೆ ಕೇಳಿದ್ದೀಯ: ಕೆಲಸ ಖಾಯಂ ಆಯಿತಾ? ಉತ್ತರ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ನಡೆದದ್ದನ್ನೆಲ್ಲ ಮೊದಲು ಓದು. ನಿನಗೆ ಪತ್ರದ ಕೊನೆಯನ್ನು ಮೊದಲು ಓದುವ ಚಾಳಿ ಇದೆ, ಈ ಸಲ ದಯವಿಟ್ಟು ಹಾಗೆ ಮಾಡಬೇಡ.

ನನ್ನ ಕೆಲಸ ಏನು ಅಂತ ಪಕ್ಕದ ಮನೆಯವರು ಕೇಳಿದರೆ ‘ಕಂಪ್ಯೂಟರ್ ಮುಂದೆ ಕೂತ್ಕೋತಾಳೆ’ ಅನ್ನುತ್ತೀಯಂತೆ. ಅಮ್ಮಾ, ನಾನು ಸುಮ್ಮನೆ ಕೂರುವುದಿಲ್ಲ. ಊರಿನ ದವಾಖಾನೆಗಳಿಂದ, ಶಾಲೆಗಳಿಂದ ಮಕ್ಕಳ ಆರೋಗ್ಯದ ಲೆಕ್ಕ ನಮ್ಮ ಕಚೇರಿಗೆ ಬರುತ್ತದೆ. ಹೆಸರಿರುವುದಿಲ್ಲ. ವಯಸ್ಸು, ಬೀದಿ, ಏನಾಯಿತು, ಎಲ್ಲಿ ಆಯಿತು, ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಯಾವ ಬೀದಿಯ ಮಕ್ಕಳು ಕೆಮ್ಮುತ್ತಿದ್ದಾರೆ, ಯಾವ ಶಾಲೆಯ ಮಕ್ಕಳಿಗೆ ನಿದ್ದೆ ಬರುತ್ತಿಲ್ಲ ಅನ್ನುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ‘ಎಣಿಸದವರಿಗೆ ನ್ಯಾಯ ಸಿಗದು’ ಅಂತ ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಗೋಡೆಗೆ ಅಂಟಿಸಿದ್ದ ಹಳದಿ ಕರಪತ್ರ ನೆನಪಿದೆಯಾ? ನೀನು ಅದನ್ನು ಕಿತ್ತು ಸಕ್ಕರೆ ಡಬ್ಬಿಯ ಕೆಳಗೆ ಹಾಸಿದ್ದೆ. ಆ ಮಾತನ್ನೇ ನಂಬಿಕೊಂಡು ಈ ಕೆಲಸಕ್ಕೆ ಬಂದವಳು ನಾನು.

ಬಂದ ಎರಡನೇ ತಿಂಗಳಿಗೇ ಬೇಟೆಯಾಡಲು ನನಗೊಂದು ಹುಲಿ ಸಿಕ್ಕಿತು. ಊರಿನ ಆಟದ ಮೈದಾನಗಳಲ್ಲಿ ಮಕ್ಕಳಿಗಾದ ಗಾಯಗಳನ್ನು ಒಂದು ಕಡೆ ಸೇರಿಸಿದೆ. ಅರ್ಧಕ್ಕಿಂತ ಹೆಚ್ಚು ಗಾಯ ಒಂದೇ ಜಾಗದಿಂದ! ಬಸ್ ಡಿಪೋದ ಹಿಂದಿನ ಮೈದಾನ. ಹಳೇ ಟಯರುಗಳನ್ನು ಅರ್ಧ ಹೂತಿಟ್ಟಿದ್ದಾರೆ, ಹತ್ತಲು ಒಂದು ಕಬ್ಬಿಣದ ಚೌಕಟ್ಟು, ಒಂದು ಜಾರುಬಂಡೆ. ಎಲ್ಲರೂ ಟಯರ್ ಗ್ರೌಂಡ್ ಅನ್ನುತ್ತಾರೆ. ಅದೇ ಊರಿನ ಇನ್ನೊಂದು ತುದಿಯಲ್ಲಿ ಹೊಸ ಮಾದರಿ ಉದ್ಯಾನವಿದೆ. ಅಲ್ಲಿ ಇಡೀ ವರ್ಷಕ್ಕೆ ಒಂದೇ ಒಂದು ಗಾಯವಿಲ್ಲ. ಸೊನ್ನೆ.

ನನ್ನ ರಕ್ತ ಕುದಿಯಿತು. ಒಂದೇ ಏಟಿಗೆ ವರದಿ ಬರೆದೆ. ಅದಕ್ಕೆ ‘ಮಕ್ಕಳ ರಕ್ತಕ್ಕೆ ಹೊಣೆ ಯಾರು?’ ಅಂತ ಹೆಸರಿಟ್ಟಿದ್ದೆ. ನಮ್ಮ ಸಾಹೇಬರು, ಅಂದರೆ ಆರೋಗ್ಯಾಧಿಕಾರಿ, ಅದನ್ನು ಹೊಡೆದುಹಾಕಿ ‘ಆಟದ ಮೈದಾನಗಳಲ್ಲಿನ ಗಾಯಗಳು: ಒಂದು ಟಿಪ್ಪಣಿ’ ಅಂತ ಮಾಡಿದರು. ಅವರ ಕೈಗೆ ಸಿಕ್ಕರೆ ಕ್ರಾಂತಿಯೂ ಟಿಪ್ಪಣಿಯಾಗುತ್ತದೆ. ಇರಲಿ. ಟಯರ್ ಗ್ರೌಂಡಿಗೆ ಕೂಡಲೇ ಬೀಗ ಹಾಕಿ ಅಂತ ನಗರಸಭೆಯಲ್ಲಿ ಮೇಜು ಕುಟ್ಟಿ ಹೇಳಿದೆ. ತಿಂಗಳ ಕೊನೆಗೆ ಬೀಗ ಅಂತ ತೀರ್ಮಾನವಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಬಸ್ ಡಿಪೋದ ಮ್ಯಾನೇಜರು. ಖಾಲಿಯಾದ ಮೈದಾನದಲ್ಲಿ ಅವರಿಗೆ ಬಸ್ಸು ನಿಲ್ಲಿಸಬೇಕಿತ್ತಂತೆ. ಅದು ನನಗೆ ಆಗ ಗೊತ್ತಿರಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿ, ‘ಖಾಯಂ ಮಾಡೋರ ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲು’ ಅಂದರು. ಆ ದಿನವೇ ನಿನಗೆ ಎರಡು ಸಾಲು ಗೀಚಿ ಹಾಕಿದ್ದೆನಲ್ಲ, ‘ಸದ್ಯದಲ್ಲೇ ಶುಭ ಸುದ್ದಿ’ ಅಂತ? ನೀನು ಅದನ್ನು ಮದುವೆ ಅಂದುಕೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

ಮುಂದಿನ ಶನಿವಾರ ಮಾದರಿ ಉದ್ಯಾನದ ಫೋಟೋ ತೆಗೆಯಲು ಹೋದೆ. ‘ಮೈದಾನ ಅಂದರೆ ಹೀಗಿರಬೇಕು’ ಅಂತ ಗೋಡೆಗೆ ಹಾಕುವ ಪಟ ಮಾಡುವುದಿತ್ತು. ಸಂಜೆ ಹೊತ್ತು, ಬಿಸಿಲು ತಗ್ಗಿತ್ತು, ಶಾಲೆಗೆ ರಜೆ. ನೆಲಕ್ಕೆಲ್ಲ ಮೆತ್ತನೆಯ ರಬ್ಬರು. ಬಾಗಿಲಲ್ಲಿ ಒಂದು ಫಲಕ: ಓಡಬಾರದು, ಚೆಂಡು ತರಬಾರದು, ಕೂಗಬಾರದು, ಹುಲ್ಲು ತುಳಿಯಬಾರದು. ಒಳಗೆ ಒಂದು ಬೆಂಚು, ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಿದ್ದ ಒಬ್ಬ ಮುದುಕರು, ಅವರ ಹೊಟ್ಟೆಯ ಮೇಲೆ ಒಂದು ಬೆಕ್ಕು. ಮಕ್ಕಳು? ಒಂದು ನರಪಿಳ್ಳೆಯೂ ಇಲ್ಲ. ಕಾವಲುಗಾರರನ್ನು ಕೇಳಿದೆ. ಅವರು ಹೆಮ್ಮೆಯಿಂದ, ‘ಮಕ್ಕಳು ಬರೋದೇ ಇಲ್ಲಮ್ಮ, ಅದಕ್ಕೇ ಇಷ್ಟು ಚೆನ್ನಾಗಿದೆ’ ಅಂದರು.

ಅಲ್ಲೇ ನನ್ನ ತಪ್ಪು ಹೊಳೆಯಿತು ಅಮ್ಮ. ಮಕ್ಕಳೇ ಬರದ ಕಡೆ ಗಾಯ ಎಲ್ಲಿಂದ ಬರಬೇಕು! ಯಾರಿಗೂ ಊಟವನ್ನೇ ಹಾಕದೆ, ನಮ್ಮ ಮನೆಯಲ್ಲಿ ಒಂದು ತಟ್ಟೆಯೂ ಒಡೆದಿಲ್ಲ ಅಂತ ಬೀಗಿದ ಹಾಗಾಯಿತು ನನ್ನ ವರದಿ. ಗಾಯಗಳನ್ನು ಎಣಿಸಿದ್ದೆ, ಆಡುವವರನ್ನು ಎಣಿಸಿರಲಿಲ್ಲ.

ಅಲ್ಲಿಂದ ನೇರ ಟಯರ್ ಗ್ರೌಂಡಿಗೆ ಓಡಿದೆ. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಮಕ್ಕಳು! ಅಲ್ಲಿಗೆ ನಾನು ಹೋದದ್ದು ಅದೇ ಮೊದಲು ಅಂತ ಹೇಳಲು ನಾಚಿಕೆಯಾಗುತ್ತದೆ. ಎರಡು ಜಡೆಯ ಒಬ್ಬ ಹುಡುಗಿ ನನ್ನ ಕೊರಳಿನ ಕಚೇರಿ ಗುರುತಿನ ಚೀಟಿ ನೋಡಿ, ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು. ಅಲ್ಲಿ ಎಲ್ಲರೂ ಅವಳನ್ನು ಲಾಯರಮ್ಮ ಅನ್ನುತ್ತಾರೆ, ವಯಸ್ಸು ಹತ್ತು ಇರಬಹುದು. ‘ನೀವೇ ತಾನೇ ನಮ್ಮ ಗ್ರೌಂಡಿಗೆ ಬೀಗ ಹಾಕಿಸೋ ಅಕ್ಕ?’ ಅಂದಳು. ನಿಮ್ಮ ಒಳ್ಳೆಯದಕ್ಕೇ ಅಂತ ಏನೋ ತೊದಲಿದೆ. ‘ಬೀಗ ಹಾಕಿದ್ರೆ ನಾವೆಲ್ಲಿ ಬೀಳೋದು?’ ಅಂದಳು.

ಆಮೇಲೆ ಮಕ್ಕಳೆಲ್ಲ ಸಾಲುಗಟ್ಟಿ ನಿಂತು ತಮ್ಮ ತಮ್ಮ ಗಾಯದ ಕಲೆಗಳನ್ನು ತೋರಿಸಿದರು. ಇದು ಟಯರ್‌ನಿಂದ ಹಾರಿದ್ದು, ಇದು ತಮ್ಮನನ್ನು ಹಿಡಿಯಲು ಹೋದದ್ದು, ಇದು ಯಾರಿಗೂ ಹೇಳಬಾರದ್ದು. ಪದಕ ತೋರಿಸುವ ಸೈನಿಕರ ಹಾಗೆ! ಕೊನೆಗೆ ಲಾಯರಮ್ಮ, ‘ಈಗ ನಿಮ್ದು ತೋರ್ಸಿ’ ಅಂದಳು. ನನ್ನದು ಒಂದೂ ಇಲ್ಲ ಅಂದೆ. ‘ಒಂದೂ ಇಲ್ವಾ? ಅಯ್ಯೋ ಪಾಪ!’ ಅಂತ ಅವಳು ನನ್ನ ಕೈ ಸವರಿದಳು. ಉಳಿದವರೂ ನನ್ನನ್ನು ಯಾವುದೋ ಕಾಯಿಲೆಯವಳ ಹಾಗೆ ನೋಡಿದರು.

ಅವತ್ತು ನಮ್ಮ ಹಳೇ ಕೋಣೆ ನೆನಪಾಯಿತು. ಸಂಜೆ ಪಾಳಿಗೆ ಹೋಗುವಾಗ ನೀನು ಹೊರಗಿನಿಂದ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ ಹೋಗುತ್ತಿದ್ದೆ. ಕೆಳಗಿನ ಅಚ್ಚುಕೂಟದ ಮಾಮ ಅಚ್ಚು ಕೆಟ್ಟ ಕರಪತ್ರಗಳನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದರು, ಮಗು ಬೇಜಾರು ಮಾಡಿಕೊಳ್ಳದಿರಲಿ ಅಂತ. ನಾನು ಸ್ಟೂಲಿನ ಮೇಲೆ ನಿಂತು ಅವನ್ನು ಪಾತ್ರೆಗಳಿಗೆ ಓದಿ ಹೇಳುತ್ತಿದ್ದೆ. ನೀನು ಬಂದು ನೋಡಿದಾಗಲೆಲ್ಲ ಒಂದೇ ಬೈಗುಳ: ‘ಇಳಿಯೇ ಕೆಳಗೆ! ಮಾತು ಶುರುವಾದ್ರೆ ನಿಂಗೆ ಕಾಲ ಕೆಳಗೆ ಏನಿದೆ ಅಂತಾನೇ ಗೊತ್ತಾಗಲ್ಲ.’ ಮತ್ತೆ ನೆಂಟರ ಮುಂದೆ ನನ್ನ ಮೊಣಕಾಲು ತೋರಿಸಿ ಹೆಮ್ಮೆಪಡುತ್ತಿದ್ದೆ, ‘ನನ್ನ ಮಗಳ ಮೈಮೇಲೆ ಒಂದು ಕಲೆ ಇಲ್ಲ ನೋಡಿ’ ಅಂತ. ದೂರು ಹೇಳುತ್ತಿಲ್ಲ ಅಮ್ಮ. ಹೋಗಿ ಆಡಲು ಹತ್ತಿರದಲ್ಲಿ ಒಂದು ಮೈದಾನವಿದ್ದಿದ್ದರೆ ನೀನು ಚಿಲಕ ಹಾಕುತ್ತಿರಲಿಲ್ಲ, ನನಗೆ ಗೊತ್ತು. ನಾನೂ ಒಂದು ಮಾದರಿ ಉದ್ಯಾನವಾಗಿದ್ದೆ ಅಷ್ಟೇ.

ಬೀಗಕ್ಕೆ ಇನ್ನು ಎರಡೇ ವಾರ ಉಳಿದಿತ್ತು. ದಿನಾ ಸಂಜೆ ಒಂದೊಂದು ಮೈದಾನದಲ್ಲಿ ನಿಂತು ಆಡುವ ಮಕ್ಕಳನ್ನು ಎಣಿಸಿದೆ. ಆಡುವವರ ಲೆಕ್ಕಕ್ಕೆ ಹೋಲಿಸಿದರೆ ಟಯರ್ ಗ್ರೌಂಡಿನಲ್ಲಿ ಗಾಯ ಬೇರೆ ಕಡೆಗಿಂತ ಕಡಿಮೆ! ಆಮೇಲೆ ದವಾಖಾನೆಯ ನರ್ಸಮ್ಮನ ಪಕ್ಕ ಕೂತು ತರಚಿದ ಗಾಯ ಬೇರೆ, ಹೊಲಿಗೆ ಹಾಕಿದ ಗಾಯ ಬೇರೆ ಮಾಡಿದೆ. ತರಚಿದವು ಎಲ್ಲಿಯದೆಲ್ಲಿಯದೋ. ಆದರೆ ಹೊಲಿಗೆ ಬಿದ್ದವು ಮುಕ್ಕಾಲುಪಾಲು ಒಂದೇ ಜಾತಿ: ಕಾಲಿನ ಮೀನಖಂಡಕ್ಕೆ, ಉದ್ದಕ್ಕೆ ಸೀಳಿದ್ದು. ಹೋಗಿ ನೋಡಿದರೆ ಟಯರ್ ಗ್ರೌಂಡಿನ ಜಾರುಬಂಡೆಯ ತುದಿಯಲ್ಲಿ ತಗಡು ಎದ್ದು ಕತ್ತಿಯ ಹಾಗೆ ನಿಂತಿತ್ತು. ಇಡೀ ಮೈದಾನದ ಪಾಪವೆಲ್ಲ ಆ ಗೇಣುದ್ದದ ತಗಡಿನದು.

ಇನ್ನೂ ಒಂದು ಕಂಡಿತು. ಶಾಲೆಗಳ ಆರೋಗ್ಯ ತಪಾಸಣೆಯಲ್ಲಿ ಮಕ್ಕಳನ್ನು ಕೇಳುತ್ತಾರೆ: ನಿದ್ದೆ ಬರುತ್ತದಾ, ಓಡಿದರೆ ಏದುಸಿರು ಬರುತ್ತದಾ, ದುಃಖವಾದರೆ ಹೇಳಿಕೊಳ್ಳಲು ಯಾರಾದರೂ ಇದ್ದಾರಾ. ಡಿಪೋ ಸುತ್ತಲಿನ ಬೀದಿಗಳ ಮಕ್ಕಳ ಮನೆಗಳು ಬೆಂಕಿಪೊಟ್ಟಣದಷ್ಟು. ಆದರೂ ಮೂರು ಪ್ರಶ್ನೆಗೂ ಅವರ ಉತ್ತರವೇ ಎಲ್ಲರಿಗಿಂತ ಚೆನ್ನಾಗಿತ್ತು. ‘ಮೈದಾನವೇ ಕಾರಣ!’ ಅಂತ ನಾನು ಕುಣಿದುಕೊಂಡು ಸಾಹೇಬರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು, ‘ಒಂದೇ ಬಸ್ಸಿಂದ ಇಳಿದವರೆಲ್ಲ ನೆಂಟರಲ್ಲ ತಾಯಿ. ಇರಬಹುದು ಅನ್ನಿ, ಹೌದು ಅನ್ನಬೇಡಿ’ ಅಂದರು. ಹಲ್ಲು ಕಚ್ಚಿಕೊಂಡು ‘ಇದನ್ನು ಇನ್ನೂ ಖಚಿತವಾಗಿ ಹೇಳಲಾಗದು’ ಅಂತ ಬರೆದೆ. ಯಾವ ಕರಪತ್ರದಲ್ಲಾದರೂ ಇಂಥ ವಾಕ್ಯ ಓದಿದ್ದೀಯಾ ಅಮ್ಮ? ಬರೆಯುವಾಗ ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು. ಆದರೆ ನಿಜ ಅದೇ.

ಆಮೇಲೆ ಸಾಹೇಬರು ಬಾಗಿಲು ಮುಚ್ಚಿ ಕೂರಿಸಿದರು. ‘ಆ ವರದಿಗೆ ನನ್ನ ಸಹಿನೂ ಇದೆ. ಈಗ ಸಭೆಯಲ್ಲಿ ನಿಂತು ತಪ್ಪಾಯ್ತು ಅಂದ್ರೆ ನಿಮ್ಮ ಖಾಯಂ ಹೋಗುತ್ತೆ, ನನ್ನ ಮಾನ ಹೋಗುತ್ತೆ’ ಅಂದರು. ಅವರೇ ಮತ್ತೆ ಕನ್ನಡಕ ಒರೆಸಿ, ‘ನನ್ನ ಮಾನ ಹಳೇದು, ತೇಪೆ ಹಾಕಿದ್ದು. ಹೋದ್ರೆ ಹೋಗ್ಲಿ. ನೀವು ಮನೆಗೆ ದುಡ್ಡು ಕಳಿಸಬೇಕಾದವರು, ಯೋಚ್ನೆ ಮಾಡಿ’ ಅಂದರು. ನಿನ್ನ ಮಂಡಿ ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ, ಸುಳ್ಳು ಲೆಕ್ಕದಿಂದ ಖಾಯಂ ಆದ ಮಗಳ ದುಡ್ಡಿನಲ್ಲಿ ನೀನು ಒಂದು ಸ್ಟೂಲೂ ಕೊಳ್ಳುವುದಿಲ್ಲ ಅನ್ನುವುದೂ ನೆನಪಾಯಿತು.

ಸಭೆಯಲ್ಲಿ ನನ್ನನ್ನು ನೋಡಿದ ಕೂಡಲೇ ನಗರಸಭೆ ಅಧ್ಯಕ್ಷೆ, ‘ಹೋದ ಸಭೆಯಲ್ಲಿ ಬೀಗ ಹಾಕಿ ಅಂತ ನನ್ನ ಮೇಜು ಕುಟ್ಟಿದ್ದು ನೀವೇ ಅಲ್ವೇನಮ್ಮ?’ ಅಂದರು. ಹೌದು ಅಂದೆ. ‘ಈಗ ಬೇಡ ಅಂತ ಕುಟ್ಟೋಕೆ ಬಂದಿರೋದೂ ನೀವೇನಾ?’ ಅಂದರು. ಈ ಸಲ ಮೆಲ್ಲಗೆ ಕುಟ್ಟುತ್ತೇನೆ ಅಂದೆ. ಎಲ್ಲರೂ ನಕ್ಕರು, ಡಿಪೋ ಮ್ಯಾನೇಜರು ಮಾತ್ರ ನಗಲಿಲ್ಲ. ಮಾದರಿ ಉದ್ಯಾನದ ಫೋಟೋ ಪರದೆಯ ಮೇಲೆ ಹಾಕಿದೆ: ಬೆಂಚು, ಮುದುಕರು, ಬೆಕ್ಕು. ‘ನಾವು ಸುರಕ್ಷಿತ ಅಂದದ್ದು ಇದನ್ನು. ತಪ್ಪು ನನ್ನದು, ಮಕ್ಕಳನ್ನು ಎಣಿಸಲು ಮರೆತೆ’ ಅಂದೆ. ಆಮೇಲೆ ಆ ತಗಡಿನ ಫೋಟೋ ಹಾಕಿದೆ. ಅಧ್ಯಕ್ಷೆ ಬಗ್ಗಿ ನೋಡಿ, ‘ಇದನ್ನ ಸರಿಮಾಡೋಕೆ ಏನು ಬೇಕು?’ ಅಂದರು. ‘ಒಬ್ಬ ವೆಲ್ಡರು, ಅರ್ಧ ದಿನ’ ಅಂದೆ. ‘ಅಷ್ಟಕ್ಕೆ ಇಡೀ ಮೈದಾನಕ್ಕೆ ಬೀಗ ಹಾಕಿಸ್ತಿದ್ರಾ, ಪುಣ್ಯಾತ್ಗಿತ್ತಿ!’ ಅಂತ ಹಣೆ ಚಚ್ಚಿಕೊಂಡರು.

ಬೀಗ ರದ್ದಾಯಿತು ಅಮ್ಮ! ಮಾದರಿ ಉದ್ಯಾನದ ಫಲಕವನ್ನೂ ಕಿತ್ತು ಹಾಕಿದರು. ಈಗ ಅಲ್ಲಿ ಚೆಂಡು ಆಡಬಹುದು. ಮುದುಕರು ಸಿಟ್ಟಾಗಿದ್ದಾರೆ, ಬೆಕ್ಕು ಊರು ಬಿಟ್ಟಿದೆ.

ಇನ್ನು ನಿನ್ನ ಪ್ರಶ್ನೆ. ಇಲ್ಲ, ಖಾಯಂ ಆಗಲಿಲ್ಲ. ಡಿಪೋ ಮ್ಯಾನೇಜರು ಮೇಲಿನವರಿಗೆ ದೂರು ಕೊಟ್ಟರು, ಪಟ್ಟಿಯಿಂದ ನನ್ನ ಹೆಸರು ಹೋಯಿತು. ಆದರೆ ಸಾಹೇಬರು ಇನ್ನಾರು ತಿಂಗಳ ಕೆಲಸ ಕೊಟ್ಟಿದ್ದಾರೆ. ಊರಿನ ಪ್ರತಿ ಬೀದಿಯಲ್ಲೂ ಮಕ್ಕಳು ಎಲ್ಲಿ ಆಡುತ್ತಾರೆ, ಎಲ್ಲಿ ಆಡಲು ಜಾಗವೇ ಇಲ್ಲ ಅಂತ ಎಣಿಸುವುದು. ಚಿಲಕ ಹಾಕಿದ ಬಾಗಿಲುಗಳನ್ನೂ ಈ ಸಲ ಲೆಕ್ಕಕ್ಕೆ ಹಿಡಿಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮಗಳು ಕೆಲಸದಲ್ಲಿ ತಾತ್ಕಾಲಿಕ, ಹಟದಲ್ಲಿ ಖಾಯಂ.

ಸ್ಟೂಲು ಕೇಳು. ಮರೆಯಬೇಡ.

ಇಂತಿ,
ನೆಲದ ಮೇಲೆ ಕೂತು ಬರೆಯುತ್ತಿರುವ
ನಿನ್ನ ಮಗಳು

ಬರೆಯದೆ ಬಿಟ್ಟದ್ದು: ನೀನು ಕೊನೆಯನ್ನೇ ಮೊದಲು ಓದಿದ್ದರೆ, ಗಾಬರಿಯಾಗಬೇಡ. ಮೇಜಿನ ಕಾಲು ಸರಿಯಾಗಿಯೇ ಇದೆ. ಈ ಪತ್ರ ಎಡಗೈಯಲ್ಲಿ ಬರೆದದ್ದು, ಅದಕ್ಕೇ ಗುರುವಾರ ಶುರುಮಾಡಿದ್ದು ಇವತ್ತು ಮುಗಿಯಿತು. ವೆಲ್ಡರು ತಗಡು ಸರಿಮಾಡಿ ಹೋದ ಸಂಜೆ ಮಕ್ಕಳು ನನ್ನನ್ನು ಕಬ್ಬಿಣದ ಚೌಕಟ್ಟಿನ ತುದಿಗೆ ಹತ್ತಿಸಿದರು. ಅಲ್ಲಿಂದ ಎಷ್ಟು ದೂರ ಕಾಣುತ್ತದೆ ಗೊತ್ತಾ! ಸುಮ್ಮನೆ ನೋಡಿ ಇಳಿಯಬಹುದಿತ್ತು. ಭಾಷಣ ಶುರುಮಾಡಿದೆ. ಎರಡನೇ ವಾಕ್ಯಕ್ಕೆ ಬಲಗೈ ಎತ್ತಿದೆ. ಮೂರನೇ ವಾಕ್ಯ ನೆಲದ ಮೇಲೆ ಮುಗಿಯಿತು. ಮಣಿಕಟ್ಟಿಗೆ ಸಣ್ಣ ಬಿರುಕು, ಪಟ್ಟಿ ಹಾಕಿದ್ದಾರೆ, ಮೊಣಕಾಲು ತರಚಿದೆ, ಅಷ್ಟೇ. ನರ್ಸಮ್ಮ ಸ್ಥಳ ಕೇಳಿ, ವಯಸ್ಸು ಕೇಳಿ, ನಗು ತಡೆಯಲಾರದೆ ನನ್ನನ್ನು ಮಕ್ಕಳ ಲೆಕ್ಕಕ್ಕೇ ಸೇರಿಸಿದರು. ಲಕೋಟೆಯ ಮೇಲಿನ ದುಂಡು ಅಕ್ಷರ ಲಾಯರಮ್ಮನದು. ಮೊಣಕಾಲು ಮಾಯ್ದ ಮೇಲೂ ಒಂದು ಕಲೆ ಖಂಡಿತ ಉಳಿಯುತ್ತದೆ ಅಂತ ಅವಳು ಪರೀಕ್ಷೆ ಮಾಡಿ ಹೇಳಿದ್ದಾಳೆ. ಬಂದಾಗ ತೋರಿಸುತ್ತೇನೆ, ನೆಂಟರನ್ನೂ ಕರೆದಿರು.