ತಣ್ಣೀರಿನ ಪಾಲು

ಗದಗ, ಕಾಪಿಡುವ ತಿಂಗಳ ಐವತ್ತೊಂದನೇ ದಿನ, ಇಸವಿ ೨೨೭೯

ಸುಮಂಗಲಾ ಆಯಿಯವರಿಗೆ,

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ಚಳಿಗಾಲವನ್ನೆಲ್ಲ ನಾವು ಒಂದೇ ತಿಂಗಳೆಂದು ಎಣಿಸುತ್ತೇವೆ. ಮೈಯೊಳಗಿನ ಸತ್ವವನ್ನು ದುಂದು ಮಾಡದೆ ಕಾಪಿಡುವ ಕಾಲ ಅದು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೀವು ನನಗಿಂತ ಒಂಬತ್ತು ತಲೆಮಾರು ಹಿಂದಿನವರು, ಆದ್ದರಿಂದ ಆಯಿ. ಆದರೆ ಈ ಪತ್ರ ತಲುಪುವ ಹೊತ್ತಿಗೆ ನೀವು ಮೂವತ್ತು ದಾಟದ ನರ್ಸ್, ನಾನೋ ಎಪ್ಪತ್ತು ದಾಟಿದ ಮುದುಕಿ. ನಡುನಡುವೆ ಮಗಳನ್ನು ಗದರುವ ಹಾಗೆ ಗದರಿದರೆ ತಡೆದುಕೊಳ್ಳಿ. ನಮ್ಮಲ್ಲಿ ಹಿರಿಯರಿಗೆ ಬರೆದ ಕಾಗದವನ್ನು ಗಂಜಿಯ ಒಲೆಗೆ ಹಾಕುತ್ತಾರೆ, ಹೊಗೆಗೆ ಹಿಂದಿನ ಕಾಲದ ದಾರಿ ಗೊತ್ತು ಎಂದು ನಂಬುತ್ತಾರೆ.

ನಿಮ್ಮ ಕಾಲದ ದವಾಖಾನೆಗಳು ಈಗಲೂ ಇವೆ. ಅವುಗಳ ಪಕ್ಕದಲ್ಲೇ ನಾಡಿಮನೆಗಳಿವೆ. ಚೀನಾದ ಹಳೆಯ ವೈದ್ಯವನ್ನು ಈ ಜೋಳದ ಸೀಮೆಗೆ ಒಗ್ಗಿಸಿಕೊಂಡವರು ಅಲ್ಲಿ ಕೂತು ಕೈ ಹಿಡಿದು ನೋಡುತ್ತಾರೆ. ಅವರು ಹೇಳುವ ಪ್ರಕಾರ ತಂದೆತಾಯಿಯಿಂದ ಬಂದದ್ದು ಹುಟ್ಟುಸತ್ವ. ಅದು ಮೂತ್ರಪಿಂಡದಲ್ಲಿ ನೆಲೆಸಿರುತ್ತದೆ, ಅದನ್ನು ಹೆಚ್ಚಿಸಲು ಬರುವುದಿಲ್ಲ. ಉಂಡು, ಉಸಿರಾಡಿ ದಿನದಿನವೂ ಗಳಿಸುವುದು ಉಂಡಸತ್ವ. ಎರಡನೆಯದು ಸಾಕಷ್ಟಿದ್ದರೆ ಮೊದಲನೆಯದು ನಿಧಾನವಾಗಿ ಕರಗುತ್ತದೆ. ಅದಕ್ಕೇ ಬೆಳಗಾದರೆ ನಮ್ಮ ಓಣಿಯ ತುಂಬ ಗಂಜಿಯ ವಾಸನೆ. ಕರಿ ಎಳ್ಳು ಹುರಿದು, ಅರೆದು ಬೆರೆಸುತ್ತೇವೆ. ಚೀನಾದವರ ಕೆಂಪು ಖರ್ಜೂರದ ಬದಲು ನಮ್ಮ ಒಣಗಿದ ಬೋರೆಹಣ್ಣು. ನಿಂತು ಉಣ್ಣುವವರನ್ನು ಕಂಡರೆ ಮಕ್ಕಳೂ ನಗುತ್ತಾರೆ. ಹೊತ್ತು ಮುಳುಗುತ್ತಲೇ ಓಣಿಯ ದೀಪಗಳು ತಗ್ಗುತ್ತವೆ. ನನಗಂತೂ ಈ ಶಿಸ್ತು ಒಮ್ಮೊಮ್ಮೆ ಸಾಕುಸಾಕಾಗುತ್ತದೆ, ಐಸ್‌ಕ್ರೀಮಿನ ಆಸೆ ಇನ್ನೂ ಬಿಟ್ಟಿಲ್ಲ.

ಇನ್ನು ಹೇಳಲು ನಾಚಿಕೆಯಾಗುವ ಸಂಗತಿ. ಪ್ರತಿ ಮನೆತನದಲ್ಲೂ ಸತ್ವವನ್ನು ಹಾಳುಮಾಡಿದವರು ಎಂದು ಒಬ್ಬ ಪೂರ್ವಜರನ್ನು ಆರಿಸಿಟ್ಟುಕೊಂಡಿರುತ್ತಾರೆ. ಕೂಸಿಗೆ ಹೆಸರಿಡುವ ದಿನ ಮನೆಯ ಹಿರಿಯರು ಹೊಸ್ತಿಲಾಚೆ ಒಂದು ತಂಬಿಗೆ ತಣ್ಣೀರು ಚೆಲ್ಲಿ, ಇದು ಅವರ ಪಾಲು ಎನ್ನಬೇಕು. ತಣ್ಣನೆಯದು ಸತ್ವವನ್ನು ಕುಂದಿಸುತ್ತದೆಂಬ ನಂಬಿಕೆ, ಅದಕ್ಕೇ ‘ತಣ್ಣಗಿರು’ ಎನ್ನುವುದು ಇಲ್ಲಿ ಬೈಗುಳಕ್ಕೆ ಸಮ. ನಮ್ಮ ಮನೆತನದಲ್ಲಿ ಆ ನೀರು ನಿಮ್ಮ ಹೆಸರಿಗೆ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದಿರಂತೆ, ನಿಂತಲ್ಲೇ ಚಹಾ ಕುಡಿದಿರಂತೆ, ಆರಿದ ಬುತ್ತಿಯನ್ನು ಸಂಜೆಗೆ ಬಿಚ್ಚಿದಿರಂತೆ. ಬಾಯಿಂದ ಬಾಯಿಗೆ ಬಂದದ್ದು ಇಷ್ಟೇ.

ನನ್ನ ಮಗಳು ಮಂದಾಕಿನಿ ಹೆತ್ತು ಇನ್ನೂ ತಿಂಗಳು ತುಂಬಿಲ್ಲ. ಕೂಸು ಸಣ್ಣದು, ಅಳುವ ದನಿಯೂ ಸಣ್ಣದು. ನಾಳೆ ಹೆಸರಿಡಬೇಕು. ಮಂದಾಕಿನಿ ಹಟ ಹಿಡಿದು ಕೂತಿದ್ದಾಳೆ, ನಿಮ್ಮ ಹೆಸರೇ ಬೇಕಂತೆ. ನಾಡಿಮನೆಯ ಬಸವಂತಪ್ಪನವರು ಕೂಸಿನ ಕೈ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. “ಹುಟ್ಟುಸತ್ವ ಕಡಿಮಿ ಐತ್ರೀ. ಅದರಾಗ ಆ ಹೆಸರು ಬ್ಯಾರೆ ಯಾಕ? ಬ್ಯಾಡ್ರಿ,” ಎಂದರು. ನಾನೂ ಹೌದೆಂದು ತಲೆಯಾಡಿಸುವವಳಿದ್ದೆ. ಅಷ್ಟರಲ್ಲಿ ಬಾಣಂತಿ ಎದ್ದು ಕೂತು, “ಆಕಿ ಹೊತ್ತಿಗೆ ಸರಿಯಾಗಿ ಉಣಲಿಲ್ಲಂತ ಎಲ್ಲಾರೂ ಬೈತೀರಿ. ಆ ಹೊತ್ತಿನ್ಯಾಗ ಯಾರಿಗೆ ಉಣಸಾಕ ನಿಂತಿದ್ಲಂತ ಒಬ್ರರ ಕೇಳೀರೇನು?” ಎಂದಳು.

ಯಾರೂ ಕೇಳಿರಲಿಲ್ಲ. ಬಸವಂತಪ್ಪನವರು ಮೀಸೆ ಸವರಿಕೊಂಡು ಕಿಟಕಿಯ ಕಡೆ ನೋಡಿದರು. ನನಗೆ ಅಳು ಬಂತು, ಸಿಟ್ಟೂ ಬಂತು, ಹೆಚ್ಚಾಗಿ ನನ್ನ ಮೇಲೆಯೇ. ರೋಗಿಗಳ ಬಾಯಿಗೆ ಚಮಚೆ ಹಿಡಿದವಳ ಬುತ್ತಿ ಆರದೆ ಇನ್ನೇನಾಗುತ್ತದೆ? ನೀವು ಎಲ್ಲವನ್ನೂ ಖಾಲಿ ಮಾಡಿ ಹೋಗಿದ್ದರೆ ನಾವು ಒಂಬತ್ತು ತಲೆಮಾರು ಎಲ್ಲಿಂದ ಹುಟ್ಟಿ ಬಂದೆವು? ನಾನು ಎಪ್ಪತ್ತು ದಾಟಿ ಇಷ್ಟು ಗಟ್ಟಿಯಾಗಿ ಜಗಳವಾಡುತ್ತಿರುವುದು ಯಾರ ಸತ್ವದಿಂದ? ಕೂಸಿಗೆ ಕಡಿಮೆ ಇದ್ದರೆ ಇರಲಿ. ಉಂಡಸತ್ವ ನಮ್ಮ ಕೈಯಲ್ಲಿದೆ, ಅದನ್ನು ನಾವು ತುಂಬಿಕೊಡುತ್ತೇವೆ ಎಂದು ಬಸವಂತಪ್ಪನವರಿಗೆ ಹೇಳಿಬಿಟ್ಟೆ. ಅವರ ಶಾಸ್ತ್ರದ ಮಾತನ್ನೇ ಅವರಿಗೆ ಹೇಳಿದ್ದರಿಂದ ಅವರು ಇಲ್ಲವೆನ್ನಲಿಲ್ಲ.

ಆದರೂ ನಿಮ್ಮಲ್ಲೊಂದು ಬೇಡಿಕೆ. ಕೆಲಸ ಬಿಡಿ ಎನ್ನುವುದಿಲ್ಲ, ನೀವು ಬಿಡುವವರೂ ಅಲ್ಲ. ಇವತ್ತು ಒಂದು ಹೊತ್ತು ಕೂತು ಉಣ್ಣಿ, ಬಿಸಿಯಿದ್ದಾಗಲೇ ಉಣ್ಣಿ. ನಿಮ್ಮನ್ನೂ ಯಾರಾದರೂ ಕಾಯಲಿ. ಮುಂದೆ ಹುಟ್ಟುವ ನಮಗಾಗಿ ಅಲ್ಲ, ನಿಮಗೆ ಹಸಿವಾಗಿದೆ ಎಂಬ ಕಾರಣಕ್ಕೆ.

ಒಲೆ ಹೊತ್ತಿಸಿದ್ದೇನೆ. ನಾಳೆ ನಿಮ್ಮ ಹೆಸರಿಗೆ ಚೆಲ್ಲಬೇಕಿದ್ದ ತಂಬಿಗೆ ನೀರನ್ನು ಗಂಜಿಯ ಗಡಿಗೆಗೇ ಸುರಿದೆ. ಅದು ಈಗ ಕುದಿಯುತ್ತಿದೆ, ಈ ಕಾಗದ ಅದರ ಕೆಳಗೆ ಹೋಗುತ್ತದೆ. ಮೊದಲ ಬಟ್ಟಲು ನಿಮ್ಮ ಪಾಲು, ಆಯಿ. ಅದನ್ನು ಮಂದಾಕಿನಿ ಕುಡಿಯುತ್ತಾಳೆ. ಅವಳ ಎದೆಯಿಂದ ಸುಮಂಗಲಾ ಕುಡಿಯುತ್ತಾಳೆ.

ನಿಮ್ಮ ಕುಡಿ,
ಚಂಪಾವತಿ