ಗಂಗಕ್ಕನ ಲಿಂಗವನ್ನು ತಂಬಾಕೆಂದು ಎಸೆದವರಿಗೆ

ದ್ವೀಪದ ಕಡಲತೀರ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಗೆಳತಿಯ ಕೊರಳಿನಿಂದ ಇಷ್ಟಲಿಂಗವನ್ನು ತೆಗೆಸಿದಿರಿ. ಜೋಪಾನ ಮಾಡುತ್ತೇನೆಂದು ಕೈಮುಗಿದು ಮಾತು ಕೊಟ್ಟಿರಿ. ಆಮೇಲೆ ಅದನ್ನು ತಂಬಾಕಿನ ಉಂಡೆ ಎಂದು ಕಸಕ್ಕೆ ಎಸೆದಿರಿ. ಅದನ್ನಿಟ್ಟಿದ್ದ ಬೆಳ್ಳಿಯ ಕರಡಿಗೆಯನ್ನು ಮಾತ್ರ ಚೆನ್ನಾಗಿ ಒರೆಸಿ, ಮದುವೆ ಮನೆಯ ಕುಂಕುಮದ ಬಟ್ಟಲಿನ ಹಾಗೆ ಫಳಫಳ ಮಾಡಿ ವಾಪಸ್ ಕೊಟ್ಟಿರಿ. "ವಸ್ತು ಹಿಂತಿರುಗಿಸಲಾಗಿದೆ, ದೂರು ಮುಕ್ತಾಯ" ಎಂದು ನಿಮ್ಮ ಕಚೇರಿಯಿಂದ ಉತ್ತರ ಬಂದಿದೆ. ಮುಕ್ತಾಯ ಆಗಿಲ್ಲ ಎಂದು ಹೇಳುವುದಕ್ಕೆ ಈ ಪತ್ರ. ನಿಮ್ಮನ್ನು ಮಾನ್ಯರೇ ಎಂದು ಕರೆಯಬೇಕಂತೆ, ನಮ್ಮ ಕನ್ನಡ ಬಳಗದ ಪತ್ರಿಕೆ ನೋಡಿಕೊಳ್ಳುವವರು ಹೇಳಿದರು. ಪ್ರಯತ್ನ ಮಾಡಿದೆ, ಕೈ ಓಡಲಿಲ್ಲ.

ನಾನು ಏಳನೇ ಕ್ಲಾಸಿನ ಅರ್ಧಕ್ಕೇ ಸ್ಕೂಲು ಬಿಟ್ಟವಳು. ಮಂಡ್ಯದ ಕಡೆಯಿಂದ ಮದುವೆಯಾಗಿ ಚೆನ್ನೈಗೆ ಬಂದು, ಕೋಡಂಬಾಕ್ಕಂನಲ್ಲಿ ಸಿನಿಮಾದವರ ರವಿಕೆಗಳಿಗೆ ಹುಕ್ಕು ಹಾಕಿಕೊಂಡು ಬದುಕಿದವಳು. ತಮಿಳು ಮಾತಾಡುತ್ತೇನೆ, ಬರೆಯಲು ಬಾರದು. ಇಂಗ್ಲಿಷಿನಲ್ಲಿ ಬಸ್ಸಿನ ನಂಬರು ಓದುತ್ತೇನೆ. ಆದ್ದರಿಂದ ಕನ್ನಡದಲ್ಲೇ ಬೈಯುತ್ತಿದ್ದೇನೆ. ನಿಮಗೆ ಅರ್ಥವಾಗದಿದ್ದರೆ ಗಾಬರಿಯಾಗಬೇಡಿ, ಗಂಗಕ್ಕನ ಮಗಳು ಬಿಂದು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಾಳೆ. ಅವಳು ಪೆರುಂಗುಡಿಯ ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಸಾರಿ ಸಾರಿ ಎನ್ನುತ್ತಿರುತ್ತಾಳೆ. ಆ ಮಾತು ನಿಮಗೆ ಹೊಸದಾಗಿ ಕಾಣಬಹುದು, ಅವಳನ್ನೇ ಕೇಳಿ ಕಲಿಯಿರಿ.

ಗಂಗಕ್ಕ ಎಂದರೆ ಶಿವಗಂಗಮ್ಮ. ವಡಪಳನಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿರುವ ದೊಡ್ಡಬಸಪ್ಪನವರ ಹೆಂಡತಿ. ನಿಮ್ಮ ದ್ವೀಪಕ್ಕೆ ಬಂದ ಮೂವರಲ್ಲಿ ಹಿರಿಯರು. ನಾನು ಎರಡನೆಯವಳು. ಮೂರನೆಯವಳು ನಮ್ಮ ಬೀದಿಯ ವಾಸಂತಿ, ಚೆನ್ನೈಯಲ್ಲೇ ಹುಟ್ಟಿದವಳು, ಕನ್ನಡದೊಳಗೆ ತಮಿಳು ಕಲಸಿ ಮಾತಾಡುವವಳು. "ಮೂರು ಜನವೂ ದೇವಸ್ಥಾನ ಬಿಟ್ಟು ಇನ್ನೇನೂ ನೋಡಿಲ್ಲ, ಕಾಡು ನೋಡಿ, ಸಮುದ್ರದಲ್ಲಿ ಕಾಲು ಚಾಚಿ ಕೂತು ಬನ್ನಿ" ಎಂದು ಬಿಂದು ಟಿಕೆಟ್ ಮಾಡಿಸಿದಳು.

ಹೊರಡುವ ಮುಂಚಿನಿಂದಲೂ ನನಗೆ ಭಯ. ವಿಮಾನ ಬಿದ್ದರೆ? ಹಾವು ಕಚ್ಚಿದರೆ? ದೋಣಿ ಮಗುಚಿದರೆ? ಜಿಗಣೆಗೆ ಉಪ್ಪು, ವಾಂತಿಗೆ ಶುಂಠಿ, ಭೇದಿಗೆ ಮಾತ್ರೆ, ಕಾಡಿನಲ್ಲಿ ತಪ್ಪಿಸಿಕೊಂಡರೆ ಊದುವುದಕ್ಕೆ ಪೀಪಿ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೆ. ವಾಸಂತಿ ಏರ್‌ಪೋರ್ಟಿನಲ್ಲೇ ಶುರು ಮಾಡಿದಳು: "ಅಕ್ಕಾ, ನೀ ಟೂರ್‌ಗೆ ಬರ್ತಾ ಇದ್ದೀಯಾ, ಇಲ್ಲ ಅಲ್ಲಿ ಮರುಂದು ಕಡೈ ಇಡಕ್ಕೆ ಬರ್ತಾ ಇದ್ದೀಯಾ?" ಅವಳ ಮಾತಿನಲ್ಲಿ ಮರುಂದು ಕಡೈ ಎಂದರೆ ಔಷಧಿ ಅಂಗಡಿ. ನಗಲಿ ಬಿಡಿ. ನಾನು ಹಾವಿಗೂ ಅಲೆಗೂ ಹೆದರಿಕೊಂಡು ಬಂದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅಮ್ಮಾ ಎಂದು ಕರೆಯುವವರಿಗೆ ಹೆದರಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ದಿನ ಕಾಡು. ಬಿಸಿಲು ನೆಲ ಮುಟ್ಟದಂಥ ಕಾಡು, ಮಳೆ ನಿಂತ ಮೇಲೂ ಎಲೆಗಳೆಲ್ಲ ತೊಟ್ಟಿಕ್ಕುತ್ತಲೇ ಇದ್ದವು. ಮರದ ನೆತ್ತಿಯಿಂದ ಮರದ ನೆತ್ತಿಗೆ ಹಗ್ಗದ ಸೇತುವೆ ಕಟ್ಟಿದ್ದೀರಲ್ಲ, ಅದರ ಮೇಲೆ ಮೊದಲು ಕಾಲಿಟ್ಟವರು ಗಂಗಕ್ಕ. ಸೆರಗು ಸಿಕ್ಕಿಸಿಕೊಂಡು ನಡುಮಧ್ಯಕ್ಕೆ ಹೋಗಿ, ಬೇಕೆಂದೇ ಸೇತುವೆಯನ್ನು ಜೋಕಾಲಿ ಮಾಡಿ, ಈ ತುದಿಯಲ್ಲಿ ಕಂಬ ತಬ್ಬಿಕೊಂಡು ನಿಂತಿದ್ದ ನನ್ನನ್ನು ಕರೆದರು: "ಬಾರೇ ಪುಟ್ಟತಾಯಿ! ಬಿದ್ರೆ ಇಬ್ರೂ ಒಟ್ಟಿಗೆ ಬೀಳಾಣ, ನೀನು ಒಬ್ಳೇ ಬಿದ್ದು ಏನ್ ಮಾಡ್ತೀಯ?" ಕೆಳಗಿಳಿದ ಮೇಲೆ ಅವರ ಮೀನಖಂಡದಲ್ಲಿ ಜಿಗಣೆ ಕಂಡಿತು. ನಾನು ಉಪ್ಪು ಹುಡುಕುತ್ತಾ ಕೂಗಿಕೊಂಡರೆ ಅವರು ನಿಧಾನಕ್ಕೆ ಅದನ್ನೇ ನೋಡುತ್ತಾ ಹೇಳಿದರು: "ಕುಡೀಲಿ ಬಿಡೇ. ನನ್ನ ರಕ್ತ ಕುಡಿದು ಅದಕ್ಕೂ ಶುಗರ್ ಬರ್ಲಿ. ಆಮೇಲೆ ಅದೂ ನನ್ನಂಗೆ ಸಪ್ಪೆ ಕಾಫಿ ಕುಡ್ಕೊಂಡಿರ್ಲಿ." ಕಾಡೆಲ್ಲ ನಗುವಂತೆ ನಕ್ಕೆವು. ಈ ಹೆಂಗಸನ್ನು ನೆನಪಿಟ್ಟುಕೊಳ್ಳಿ. ನೀವು ವಾಪಸ್ ಕಳಿಸಿದ್ದು ಇವರನ್ನಲ್ಲ.

ನೀವು ಎಸೆದದ್ದು ಏನೆಂದು ನಿಮಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ. ನಾನು ಅವರ ಪೈಕಿಯವಳಲ್ಲ, ನೋಡಿ ತಿಳಿದದ್ದು. ನೆಲ್ಲಿಕಾಯಿ ಗಾತ್ರದ್ದು, ಕಾಡಿಗೆಯಂತೆ ಕಪ್ಪು, ನುಣ್ಣಗೆ. ಮೇಲಿನದು ಲೇಪ, ಒಳಗೆ ಪುಟ್ಟ ಲಿಂಗ. ಗಂಗಕ್ಕ ತೊಟ್ಟಿಲಲ್ಲಿದ್ದಾಗ ಅವರ ಗುರುಗಳು ಕಟ್ಟಿದ್ದು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಎಡ ಅಂಗೈಯ ಮೇಲೆ ಅದನ್ನಿಟ್ಟು ಕಣ್ಣಿಟ್ಟು ಕೂರುತ್ತಾರೆ. ಅದಾಗದೆ ನೀರೂ ಮುಟ್ಟುವುದಿಲ್ಲ. ಹೆರಿಗೆಯಲ್ಲೂ ಬಿಚ್ಚಲಿಲ್ಲ, ಆಪರೇಷನ್ನಿನಲ್ಲೂ ಬಿಚ್ಚಲಿಲ್ಲ, ಡಾಕ್ಟರು ತೋಳಿಗೆ ಕಟ್ಟಲು ಒಪ್ಪಿದ್ದರು. ಸತ್ತ ಮೇಲೂ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ನಿಮ್ಮ ಮೈಯಿಂದ ಬೇರೆಯಾಗದ ವಸ್ತು ಏನಾದರೂ ಇದೆಯೇ ಸ್ವಾಮಿ? ಕುರ್ಚಿ ಬಿಟ್ಟು?

ಎರಡನೇ ದಿನ ಕಡಲು. ದೋಣಿಯಲ್ಲಿ ಕರೆದುಕೊಂಡು ಹೋಗಿ, ಕಣ್ಣಿಗೆ ಗಾಜು ಕಟ್ಟಿ, ನೀರಿನೊಳಗಿನ ಹವಳ ತೋರಿಸುತ್ತಾರೆ. ದಡದಲ್ಲಿ ಒಬ್ಬಳೇ ಕೂತು ಅವರಿಬ್ಬರೂ ಮುಳುಗುವುದನ್ನು ನೋಡುವುದಕ್ಕಿಂತ ಜೊತೆಗೇ ಮುಳುಗುವುದು ವಾಸಿ ಎಂದು ನಾನೂ ಹೊರಟೆ. ಕೌಂಟರಿನಲ್ಲಿ ತಡೆದರು. ಚೀಲ, ಮೊಬೈಲು, ಒಡವೆ ಎಲ್ಲ ಲಾಕರಿಗೆ, ನೀರಲ್ಲಿ ತೇಲಿಸುವ ಜಾಕೆಟ್ಟಿನ ಒಳಗೆ ಕೊರಳಲ್ಲಾಗಲಿ ತೋಳಲ್ಲಾಗಲಿ ಏನೂ ಇರಕೂಡದು. ಗಂಗಕ್ಕ ತಾಳಿ ಬಿಚ್ಚಿ ಇಟ್ಟರು. ಕರಡಿಗೆಯ ಮೇಲೆ ಕೈ ಇಟ್ಟುಕೊಂಡರು.

"ತಾಳಿ ತೆಗೆದಿಟ್ಟೆ ಕಣಪ್ಪ, ನಮ್ಮೆಜಮಾನ್ರು ಏನೂ ಅನ್ಕೊಳ್ಳಲ್ಲ. ಇದನ್ನ ತೆಗೆಯಲ್ಲ. ನೀವಿಬ್ರೂ ಹೋಗ್ಬನ್ರೇ, ನಾನು ಮರಳಲ್ಲಿ ಕೂತಿರ್ತೀನಿ."

ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೂತಿರುತ್ತಿದ್ದರು, ನಾವು ಬಂದು ಮೀನಿನ ಬಣ್ಣ ಹೇಳುತ್ತಿದ್ದೆವು. ಆದರೆ ಒಳಗಿನಿಂದ ನೀವು ಎದ್ದು ಬಂದಿರಿ. ನಿಮಗೆ ತಮಿಳು ಬರುತ್ತಿತ್ತು, ಎಷ್ಟು ಸಿಹಿಯಾಗಿ ಬರುತ್ತಿತ್ತು! "ಇಷ್ಟು ದೂರ ಬಂದು ಹವಳ ನೋಡದೆ ಹೋಗ್ತೀರಾ ಅಮ್ಮಾ? ನಾನೇ ನನ್ನ ಕೈಯಾರೆ ಇಡ್ತೀನಿ. ನಮ್ಮ ಮನೇಲೂ ದೇವರಿದ್ದಾನೆ" ಎಂದಿರಿ. ಗಂಗಕ್ಕ ನಿಮ್ಮ ಮುಖವನ್ನೇ ನೋಡಿದರು. ಆಮೇಲೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, "ಕಣ್ಮುಚ್ಚಿ ಬಿಡೋದ್ರಲ್ಲಿ ಬಂದ್ಬಿಡ್ತೀನಿ ಶಿವಾ" ಎಂದು ಅದಕ್ಕೆ ಹೇಳಿ, ನಿಮ್ಮ ಅಂಗೈಗೆ ಇಟ್ಟರು. ಅರವತ್ತರ ಹತ್ತಿರದ ಹೆಂಗಸು ಹಾಗೆ ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು. ಅಷ್ಟು ಚೆನ್ನಾಗಿ ನಟಿಸುವವರನ್ನು ನಾನು ಕೋಡಂಬಾಕ್ಕಂನಲ್ಲೂ ಕಂಡಿಲ್ಲ.

ಹವಳ ಚೆನ್ನಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ, ನಿಮ್ಮ ಜಾಹೀರಾತಿಗೆ ಬೇಕಾಗಬಹುದು. ನೀರಿನಿಂದ ತಲೆ ಎತ್ತಿದ ಗಂಗಕ್ಕ ಮಗುವಿನ ಹಾಗೆ "ಅಯ್ಯೋ ಪುಟ್ಟತಾಯಿ, ಕೆಳಗಡೆ ಒಂದು ಊರೇ ಐತೆ ಕಣೇ" ಎಂದು ಕೂಗಿದರು.

ದಡಕ್ಕೆ ಬಂದಾಗ ಲಾಕರಿನ ಮುಂದೆ ನೀವು ನಿಂತಿದ್ದಿರಿ, ಮುಖ ಬದಲಾಗಿತ್ತು. ಅವತ್ತು ನಿಮ್ಮ ತೀರದಲ್ಲಿ ಸ್ವಚ್ಛತಾ ತಪಾಸಣೆಯಂತೆ. ಲಾಕರುಗಳನ್ನೆಲ್ಲ ತೆಗೆದು ನೋಡಿದಿರಂತೆ. ಕರಡಿಗೆ ಬಿಚ್ಚಿದಿರಿ, ಕಪ್ಪು ಉಂಡೆ ಕಂಡಿತು. ಉಗುರಿನಿಂದ ಕೆರೆದು ಮೂಸಿ ನೋಡಿದರಂತೆ ನಿಮ್ಮವರು. ತಂಬಾಕು ಎಂದು ತೀರ್ಮಾನ ಮಾಡಿ ಕಸದ ಡ್ರಮ್ಮಿಗೆ ಹಾಕಿಸಿದಿರಿ. ಶಿವಾ ಎಂದು ಅವರು ಅದನ್ನು ನಿಮ್ಮ ಮುಂದೆಯೇ ಕರೆದಿರಲಿಲ್ಲವೇ? ಒಂದು ದೋಣಿ ಹೋಗಿ ಬರುವಷ್ಟರಲ್ಲಿ ದೇವರು ತಂಬಾಕಾಗುವುದು ಯಾವ ಪರೀಕ್ಷೆ ಪಾಸಾದವರ ತಲೆಯಲ್ಲಿ?

ಎಸೆದು ಸುಮ್ಮನಿದ್ದರೂ ಆಗುತ್ತಿತ್ತು. ನೀವು ಬುದ್ಧಿ ಹೇಳಿದಿರಿ. ಎಲೆ ಅಡಿಕೆಯನ್ನೂ ಮುಟ್ಟದ ಹೆಂಗಸನ್ನು, ಒದ್ದೆ ಸೀರೆಯಲ್ಲಿ, ಪ್ರವಾಸಿಗರ ಮಧ್ಯೆ ನಿಲ್ಲಿಸಿ, ಗೋಡೆಯ ಮೇಲಿದ್ದ ಕೊಳೆತ ಬಾಯಿಯ ಚಿತ್ರ ತೋರಿಸಿ, "ಈ ವಯಸ್ಸಲ್ಲಿ ಇಂಥ ಚಟ ಯಾಕಮ್ಮಾ, ದೇವರ ಹೆಸರು ಬೇರೆ" ಎಂದಿರಿ. ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು. ಯಾರೋ ಕಿಸಕ್ಕನೆ ನಕ್ಕರು. ವಾಸಂತಿ ನಿಮ್ಮ ಮುಖದ ಹತ್ತಿರಕ್ಕೇ ಹೋಗಿ "ಯೋವ್! ಅದು ಲಿಂಗಮಯ್ಯಾ, ಲಿಂಗಂ! ನಿನ್ನ ಕಣ್ಣು ಎನ್ನ ಪುಣ್ಣಾ?" ಎಂದು, ನಿನ್ನದು ಕಣ್ಣೋ ಹುಣ್ಣೋ ಎಂದು, ಅರಚಿದಾಗ ನಿಮಗೆ ತಿಳಿಯಿತು. ತಿಳಿದ ಮೇಲೆ ನೀವು ಆಡಿದ ಮಾತನ್ನು ಕನ್ನಡಕ್ಕೆ ಇಳಿಸುತ್ತಿದ್ದೇನೆ, ಒಂದಕ್ಷರ ಸೇರಿಸಿಲ್ಲ: "ಬೆಳ್ಳಿ ಸರಿಯಾಗಿದೆಯಲ್ಲ, ನೋಡ್ಕೊಳ್ಳಿ. ಒಳಗಿದ್ದದ್ದು ಕಲ್ಲು ತಾನೇ? ಬೀಚಿನ ತುಂಬಾ ಕಲ್ಲಿದೆ, ಚೆನ್ನಾಗಿರೋದು ಒಂದು ಆರಿಸ್ಕೊಳ್ಳಿ."

ಗಂಗಕ್ಕ ಕೂಗಲಿಲ್ಲ. ಖಾಲಿ ಕರಡಿಗೆಯೊಳಗೆ ಬೆರಳು ಹಾಕಿ ಮೂಲೆ ಮೂಲೆ ತಡವಿದರು. ಆಮೇಲೆ "ಡ್ರಮ್ಮು ಎಲ್ಲೈತೆ?" ಎಂದು ಮಾತ್ರ ಕೇಳಿದರು.

ಡ್ರಮ್ಮು ಖಾಲಿಯಾಗಿತ್ತು, ಗಾಡಿ ಹೋಗಿತ್ತು. ಆದರೂ ಮೂವರೂ ಅದರೊಳಗೆ ಕೈ ಹಾಕಿದೆವು. ಮೀನಿನ ಮುಳ್ಳು, ಎಳನೀರು ಬುರುಡೆ, ಮಕ್ಕಳ ಡೈಪರು, ತಳದಲ್ಲಿ ಅಂಟಿಕೊಂಡದ್ದನ್ನೆಲ್ಲ ಕೆದಕಿದೆವು. ಗಾಡಿ ಎಲ್ಲಿಗೆ ಹೋಗುತ್ತದೆ ಎಂದರೆ ನಿಮ್ಮವರೊಬ್ಬರು ಕಾಡಿನ ಅಂಚಿನ ಗುಂಡಿಗೆ ಎಂದರು. ಇನ್ನೊಬ್ಬರು ಸುಡುತ್ತಾರೆ ಎಂದರು. ಮತ್ತೊಬ್ಬರು ಮೆಲ್ಲಗೆ, ದೋಣಿಯಲ್ಲಿ ಒಯ್ದು ನಡುನೀರಿಗೆ ಸುರಿಯುತ್ತಾರೆ ಎಂದರು. ನಿಮ್ಮನ್ನು ಕೇಳಿದೆವು. ಕಸ ನಿಮಗೆ ಸೇರಿದ್ದಲ್ಲ, ಬೇರೆ ಇಲಾಖೆಯದು ಎಂದಿರಿ. ಎಸೆಯುವವರೆಗೆ ನಿಮ್ಮದು, ಎಸೆದ ಮೇಲೆ ಬೇರೆಯವರದು. ಎಂಥ ಸೊಗಸಾದ ಆಡಳಿತ!

ಅಲ್ಲಿಂದ ಅವರು ನೀರು ಮುಟ್ಟಲಿಲ್ಲ. ಶುಗರಿನ ಮೈ, ನಾನು ಬೇಡಿಕೊಂಡೆ, ಬೈದೆ, ಕಾಲು ಹಿಡಿದೆ. ಚೆನ್ನೈಗೆ ಬಂದು ಇಳಿಯುತ್ತಲೇ ಬಿದ್ದರು. ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸು, ಫೋನಿನಲ್ಲಿ ಅವರ ಮಠದ ಸ್ವಾಮಿಗಳು: "ಕುಡಿ ತಾಯಿ, ನನ್ನ ಅಪ್ಪಣೆ." ಅಪ್ಪಣೆ ಎಂದು ಔಷಧಿಯ ಹಾಗೆ ಒಂದು ಲೋಟ ಗಂಜಿ ಕುಡಿದರು. ಆಮೇಲೂ ದಿನಕ್ಕೆ ಅಷ್ಟೇ. ಕಿಡ್ನಿ ಸೋಲುತ್ತಿದೆ ಎಂದು ಡಾಕ್ಟರು ದೊಡ್ಡಬಸಪ್ಪನವರನ್ನು ಆಚೆಗೆ ಕರೆದು ಹೇಳಿದ್ದಾರೆ. ಹೀಗೇ ಇದ್ದರೆ ಉಳಿಯುವುದಿಲ್ಲ ಎಂಬುದನ್ನು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ.

ಸ್ವಾಮಿಗಳು ದೊಡ್ಡವರು. ವಡಪಳನಿಗೆ ತಾವೇ ಬಂದರು, ಹೊಸ ಲಿಂಗ ತಂದರು. ಕಳೆದದ್ದು ನಿನ್ನ ತಪ್ಪಲ್ಲ ತಾಯಿ, ಕಟ್ಟಿಕೋ ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಗಂಗಕ್ಕ ಕೈಮುಗಿದು ಹೇಳಿದ್ದು ಇದು:

"ಅದು ಎಲ್ಲೈತೆ ಅಂತ ಗೊತ್ತಾಗ್ಲಿ ಬುದ್ಧಿ. ನೀರಲ್ಲಿ ಐತೆ ಅಂದ್ರೆ, ಗಂಗೆ ಮಡಿಲಿಗೆ ಹೋಯ್ತು ಅಂತ ಸಮಾಧಾನ ಮಾಡ್ಕೊಂಡು ಇದನ್ನ ಕಟ್ಕೋತೀನಿ. ಅದು ಡೈಪರ್ ಮಧ್ಯೆ ಬಿದ್ದಿರೋವಾಗ ನಾನಿಲ್ಲಿ ಇನ್ನೊಂದನ್ನ ಕಟ್ಕೊಂಡು ಹೆಂಗೆ ಉಣ್ಲಿ?"

ಸ್ವಾಮಿಗಳು ಹೊಸ ಲಿಂಗವನ್ನು ಅವರ ಪೂಜೆಯ ಮಣೆಯ ಮೇಲಿಟ್ಟು ಹೊರಟರು.

ಅದಕ್ಕೇ ಬಿಂದು ನಿಮಗೆ ಬರೆದು ಬರೆದು ಕೇಳಿದಳು, ಎಲ್ಲಿ ಹಾಕಿದಿರಿ ಎಂದು. ಪ್ರತಿ ಸಲವೂ ನೀವು ಬೆಳ್ಳಿಯ ಸಂಗತಿ ಬರೆದಿರಿ. ನಾವು ಪರಿಹಾರ ಕೇಳಿಲ್ಲ. ನಿಮ್ಮ ಕ್ಷಮೆಯೂ ಬೇಡ, ಇಟ್ಟುಕೊಳ್ಳಿ, ಬಡ್ತಿಯ ಸಮಯಕ್ಕೆ ಬೇಕಾಗುತ್ತದೆ. ಕೇಳುವುದು ಒಂದೇ. ಆ ದಿನದ ಕಸ ಎಲ್ಲಿಗೆ ಹೋಯಿತೆಂದು ಹುಡುಕಿಸಿ. ಗುಂಡಿಯಾದರೆ ಅಗೆಸಿ. ಸಿಕ್ಕರೆ ತನ್ನಿ, ನೀವೇ ತನ್ನಿ, ತೆಗೆದುಕೊಂಡ ಕೈಯಲ್ಲೇ ತನ್ನಿ.

ನೀವು ಹುಡುಕಿಸುವುದಿಲ್ಲ. ಮಳೆಗಾಲದಲ್ಲಿ ಗುಂಡಿ ಅಗೆಯುವಷ್ಟು ನಿಮ್ಮ ಶರ್ಟು ಅಗ್ಗದ್ದಲ್ಲ. ಹಾಗಾದರೆ ಕೊನೆಯ ಬೇಡಿಕೆ ಕೇಳಿ. ಕಾಗದ ತೆಗೆದುಕೊಳ್ಳಿ. ಅದರ ಮೇಲೆ, ಶ್ರೀಮತಿ ಶಿವಗಂಗಮ್ಮನವರ ಲಿಂಗವು ನಡುಗಡಲಿನ ಶುದ್ಧ ನೀರಿನಲ್ಲಿ ಇದೆ, ಅದನ್ನು ನಾನೇ ವಿಚಾರಿಸಿ ತಿಳಿದಿದ್ದೇನೆ ಎಂದು ಬರೆಯಿರಿ. ಸಹಿ ಹಾಕಿ ಸೀಲು ಒತ್ತಿ ಕಳಿಸಿ. ಸುಳ್ಳೇ ಇರಬಹುದು. ಇದ್ದರೆ ಇರಲಿ. ಸಂಬಳಕ್ಕಾಗಿ ಎಷ್ಟೋ ಬರೆದಿರುತ್ತೀರಿ, ಒಂದನ್ನು ಜೀವಕ್ಕಾಗಿ ಬರೆಯಿರಿ. ನಾನು ಹೇಳಿದರೆ ಗಂಗಕ್ಕ ನಂಬುವುದಿಲ್ಲ, ನನ್ನ ಮುಖದಲ್ಲೇ ಓದಿಬಿಡುತ್ತಾರೆ. ನಿಮ್ಮಿಂದ ಇಷ್ಟೆಲ್ಲ ಆದ ಮೇಲೂ ಅವರು ಸರ್ಕಾರದ ಸೀಲು ನಂಬುತ್ತಾರೆ. ಅಂಥವರು ಅವರು.

ಈ ಪತ್ರ ಅಚ್ಚಾಗುವ ಬಳಗದ ಸಂಚಿಕೆ ಅವರ ಮನೆಗೆ ಹೋಗದಂತೆ ವಾಸಂತಿ ನೋಡಿಕೊಳ್ಳುತ್ತಾಳೆ. ಓದಿದವರು ದಯವಿಟ್ಟು ಅವರ ಮುಂದೆ ಬಾಯಿ ಬಿಡಬೇಡಿ. ಬಳಗದಲ್ಲಿ ಯಾರಾದರೂ ಬಿಟ್ಟುಬಿಡುತ್ತಾರೇನೋ ಎಂದು ಈಗಿನಿಂದಲೇ ಒಬ್ಬೊಬ್ಬರಿಗೂ ಫೋನು ಮಾಡಿ ಹೇಳುತ್ತಿದ್ದೇನೆ.

ಬೇಗ ಬರೆಯಿರಿ. ಗಂಜಿಯ ಲೋಟ ಈಗ ಅರ್ಧಕ್ಕೆ ಇಳಿದಿದೆ.

ಇಂತಿ,
ನಿಮ್ಮ ಒಂದು ಸುಳ್ಳಿಗಾಗಿ ಅಂಚೆಯವನ ದಾರಿ ಕಾಯುತ್ತಿರುವ,
ಪುಟ್ಟತಾಯಮ್ಮ
ಕೋಡಂಬಾಕ್ಕಂ, ಚೆನ್ನೈ